ಬೇಕಾಗುವ ಸಾಮಗ್ರಿ: ಒಂದು ಕೆರೆ

ಪ್ರಕೃತಿಗೂ ಜನರ ಮೋಜಿಗೂ ಸಮತೋಲನ ಸಾಧಿಸುವುದು ಬೆಂಗಳೂರಿಗೆ ಹೊಸದೇನಲ್ಲ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಕಟ್ಟಿದೆವು. ಕರಗದ ಪೂಜೆಗೆ ಬೇಕಲ್ಲ ಅಂತ ಮೂಲೆಯಲ್ಲೊಂದು ಪುಟ್ಟ ಕೊಳ ಉಳಿಸಿಕೊಂಡೆವು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು, ಅಲ್ಲಿ ಹುಲ್ಲಂತೂ ಹಸಿರಾಗಿಯೇ ಇದೆ. ಈಗ 2014ರ ಕೆರೆ ಸಂರಕ್ಷಣಾ ಕಾಯ್ದೆ ಅಡ್ಡ ಬರುವುದರಿಂದ ಕೆರೆಯನ್ನು ಮುಚ್ಚುವ ಹಾಗಿಲ್ಲ, ಅಭಿವೃದ್ಧಿಯನ್ನೇ ಮಾಡಬೇಕು. ವಿಧಾನ ಹೀಗಿದೆ.

ಗುದ್ದಲಿ ಪೂಜೆ ಮುಗಿದ ಕೂಡಲೇ ಕೋಡಿ ಒಡೆದು ನೀರು ಖಾಲಿ ಮಾಡಿ. ನಮ್ಮ ಹಳೆಯ ಕೆರೆಗಳಿಗೆ ಏರಿ ಇರುವುದು ತಗ್ಗಿನ ಕಡೆ ಮಾತ್ರ. ಉಳಿದ ಕಡೆಯೆಲ್ಲ ಮಳೆನೀರು ತಾನೇ ಹರಿದು ಬರಲೆಂದು ನೆಲವನ್ನು ಇದ್ದ ಹಾಗೇ ಬಿಟ್ಟಿದ್ದಾರೆ. ಕಟ್ಟಿದವರಿಗೆ ಪಾಪ, ವಾಕಿಂಗ್ ಟ್ರ್ಯಾಕ್ ಎಂಬ ವಸ್ತುವೇ ಗೊತ್ತಿರಲಿಲ್ಲ. ಜೆಸಿಬಿ ಇಳಿಸಿ ಹೂಳೆತ್ತಿ, ಅದನ್ನು ಅಂಚಿನ ಸುತ್ತಲೂ ಪೇರಿಸಿ, ರೋಲರ್ ಹೊಡೆಯಿರಿ. ಕೆರೆ ಬಾಂಡ್ಲಿಯ ಆಕಾರಕ್ಕೆ ಬಂದರೆ ಕೆಲಸ ಸರಿಯಾಗಿದೆ ಎಂದರ್ಥ. ಹೂಳು ಎಲ್ಲಿಗೂ ಹೋಗದಿದ್ದರೂ ಲಾರಿ ಟ್ರಿಪ್ಪಿನ ಬಿಲ್ಲು ಹೋಗಬೇಕು, ಅದನ್ನು ಮರೆಯಬೇಡಿ.

ಪಕ್ಷಿವೀಕ್ಷಕರು ಗಲಾಟೆ ಮಾಡುವುದು ಈ ಹಂತದಲ್ಲೇ. ಅವರ ತಕರಾರು ಲೆಕ್ಕದ್ದು. ಗದ್ದೆಗೊರವದಂಥ ಹಕ್ಕಿಗೆ ಈಜು ಬೇಡ, ಕಾಲು ಮುಳುಗುವಷ್ಟು ನೀರು, ಅದರಡಿಯಲ್ಲಿ ಕೆಸರು, ಕೆಸರಿನಲ್ಲಿ ಹುಳ ಸಿಕ್ಕರೆ ಸಾಕು. ದಡದ ಇಳಿಜಾರು 20 ಅಡಿಗೆ 1 ಅಡಿಯಂತಿದ್ದರೆ 10 ಸೆಂಟಿಮೀಟರ್ ಆಳದೊಳಗಿನ ನೀರು 2 ಮೀಟರ್ ಅಗಲ ಹರಡಿಕೊಳ್ಳುತ್ತದೆ. ನೀವು ಒಂದೂವರೆ ಅಡಿಗೆ 1 ಅಡಿಯಂತೆ ಕಡಿದು ಕಲ್ಲು ಹೊದಿಸಿದ ಮೇಲೆ ಅದೇ ಆಳ ಸಿಗುವುದು 15 ಸೆಂಟಿಮೀಟರ್ ಪಟ್ಟಿಯಲ್ಲಿ. ಹಕ್ಕಿಗಳು ಸಾಲಾಗಿ ನಿಂತು ತಿನ್ನುವುದನ್ನು ಕಲಿತರಾಯಿತು ಅನ್ನಿ. ನಾಮದಕೋಳಿಯೆಂಬ ನೀರುಹಕ್ಕಿ ಗೂಡು ಕಟ್ಟುವ ಜೊಂಡನ್ನು ‘ಕಳೆ’ ಎಂದು ಬರೆದು ಬುಡಸಮೇತ ಕೀಳಿಸಿ. ಟಿಟ್ಟಿಭ ಹಕ್ಕಿ ಮೊಟ್ಟೆಯಿಡುವುದು ಕೆರೆಯಂಗಳದ ಬೋಳು ನೆಲದ ಮೇಲೆ, ಗೂಡೂ ಇಲ್ಲ ಗೀಡೂ ಇಲ್ಲ. ಅಲ್ಲಿ ರಬ್ಬರ್ ಹಾಸಿ ಮಕ್ಕಳ ಜಾರುಬಂಡೆ ನಿಲ್ಲಿಸಿ. ಗೂಡು ಕಟ್ಟದವರ ಹೆಸರಿಗೆ ಖಾತೆ ಆಗುವುದಿಲ್ಲವಷ್ಟೆ.

ಇನ್ನು ರಾಜಕಾಲುವೆ, ಅಂದರೆ ಕೆರೆಯಿಂದ ಕೆರೆಗೆ ಮಳೆನೀರು ಒಯ್ಯುವ ದೊಡ್ಡ ಕಾಲುವೆ. ಅದರಲ್ಲಿ ಕೊಳಚೆ ಬರುತ್ತದೆ, ಕೆರೆಯ ಪಕ್ಕದಲ್ಲೇ ಸಿಮೆಂಟಿನ ಬಳಸುಗಾಲುವೆ ಕಟ್ಟಿ ಅದನ್ನು ಮುಂದಿನ ಕೆರೆಗೆ ದಾಟಿಸಿ. ಮುಂದಿನ ಕೆರೆ ಬೇರೆ ವಾರ್ಡಿನದು. ಇದರಲ್ಲಿ ಒಂದೇ ಸಣ್ಣ ತೊಡಕು: ಮಳೆನೀರೂ ಅದೇ ಕಾಲುವೆಯಲ್ಲಿ ಬರುವುದರಿಂದ ಅದೂ ಕೆರೆಯನ್ನು ದಾಟಿಕೊಂಡು ಹೋಗುತ್ತದೆ. ಪಕ್ಕದ ಬಡಾವಣೆಯಿಂದ ಇಳಿದು ಬರುವ ನೀರಿಗೆ ನಿಮ್ಮ ಹೊಸ ದಂಡೆ ಅಡ್ಡ, ಅದು ರಸ್ತೆಯಲ್ಲಿ ನಿಂತು ಮನೆಗಳಿಗೆ ನುಗ್ಗುತ್ತದೆ. ಹೀಗೆ ಕೆರೆ ಒಣಗಿ, ಊರು ಮುಳುಗಿ, ಎರಡಕ್ಕೂ ಬೇರೆ ಬೇರೆ ಟೆಂಡರ್ ಕರೆಯುವ ಅವಕಾಶ ಒದಗುತ್ತದೆ. ಜೋರು ಮಳೆ ಬಂದ ರಾತ್ರಿ ಬಳಸುಗಾಲುವೆ ಉಕ್ಕಿ, ತಿಂಗಳುಗಟ್ಟಲೆ ತಳದಲ್ಲಿ ಕೂತಿದ್ದ ಕೊಳೆಯೆಲ್ಲ ಒಮ್ಮೆಗೇ ಕೆರೆಗೆ ಬೀಳುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಅತಿ ಕಡಿಮೆಯಿರುವುದು ಬೆಳಗಿನ ಜಾವ. ಮೀನು ಬಾಯಿ ತೆರೆದುಕೊಂಡು ಮೇಲೆ ಬರುವುದೂ ಆಗಲೇ, ವಾಕಿಂಗಿನವರು ಬರುವುದೂ ಆಗಲೇ. 2016ರಲ್ಲಿ ಹಲಸೂರು ಕೆರೆಯಲ್ಲಿ ಸತ್ತ ಮೀನಿನ ರಾಶಿಯನ್ನು ಊರೇ ಮೂಗು ಮುಚ್ಚಿಕೊಂಡು ನೋಡಿತ್ತು.

ಉಳಿದದ್ದೆಲ್ಲ ಅಲಂಕಾರ. ಟ್ರ್ಯಾಕಿಗೆ ಪೇವರ್, ಸುತ್ತ ಚೈನ್‌ಲಿಂಕ್ ಬೇಲಿ, ನಡುವೆ ಹಕ್ಕಿಗಳಿಗೆಂದು ನಡುಗಡ್ಡೆ, ಆ ನಡುಗಡ್ಡೆಗೆ ಸುತ್ತು ಹೊಡೆಯಲು ಪೆಡಲ್ ದೋಣಿ. ದೋಣಿ ಹತ್ತಿರ ಬಂದಾಗಲೆಲ್ಲ ನೀರುಕಾಗೆ ಗೂಡು ಬಿಟ್ಟು ಏಳುತ್ತದೆ, ಮೊಟ್ಟೆಯನ್ನು ಕಾಗೆ ನೋಡಿಕೊಳ್ಳುತ್ತದೆ. ಹೈಮಾಸ್ಟ್ ದೀಪ ನೀರಿನ ಕಡೆಗೇ ತಿರುಗಿರಲಿ. ಕತ್ತಲಲ್ಲಿ ಬಾವಲಿ ಹಿಡಿಯಬೇಕಾದ ಹುಳುಗಳೆಲ್ಲ ಬಲ್ಬಿನ ಸುತ್ತ ಸೇರಿ ಸಾಯುತ್ತವೆ, ಗುಡಿಸುವವರಿಗೆ ಕೆಲಸ ಸಿಗುತ್ತದೆ. ಕಸದ ಬುಟ್ಟಿಗೆ ಪೆಂಗ್ವಿನ್ನೇ ಆಗಬೇಕು. ಆಸನ ಸಿಮೆಂಟಿನ ಮರದ ದಿಮ್ಮಿಯಂತಿರಲಿ, ಅದಕ್ಕೆ ಜಾಗ ಸಾಲದಿದ್ದರೆ ನಿಜವಾದ ಹೊಂಗೆಯನ್ನು ಕಡಿಯಬಹುದು. ‘ಹಕ್ಕಿಗಳಿವೆ, ಸದ್ದು ಮಾಡಬೇಡಿ’ ಎಂಬ ಫಲಕವನ್ನು ಸುಪ್ರಭಾತದ ಸ್ಪೀಕರ್ ಇರುವ ಕಂಬಕ್ಕೇ ಕಟ್ಟಿ, ಇನ್ನೊಂದು ಕಂಬ ಯಾಕೆ ದಂಡ?

ಅಷ್ಟಾದ ಮೇಲೂ ಜೀವವೈವಿಧ್ಯ ಕಾಣಲಿಲ್ಲ ಅಂತ ಯಾರಾದರೂ ಕೇಳಿದರೆ ಕಾಂಪೌಂಡಿನ ಮೇಲೆ ಚಿತ್ರ ಬರೆಸಿ. ಕಿಂಗ್‌ಫಿಷರ್ ದೊಡ್ಡದಾಗಿರಲಿ.

ಮೀನಿಗೆ ಬ್ರೆಡ್ಡು, ಮಂಡಕ್ಕಿ ಹಾಕಲು ಬರುವ ಪುಣ್ಯವಂತರನ್ನು ತಡೆಯಬೇಡಿ. ಅದು ನೀರಿನಲ್ಲಿ ಕೊಳೆತು ಇದ್ದಬದ್ದ ಆಮ್ಲಜನಕವನ್ನೂ ನುಂಗುತ್ತದೆ ನಿಜ, ಆದರೆ ಬಡಾವಣೆ ಸಂಘದ ಅಧ್ಯಕ್ಷರ ಮನೆಯವರೂ ಅವರಲ್ಲಿರುತ್ತಾರೆ. ತಡೆಯಬೇಕಾದದ್ದು ಮೇವಿಗೆ ಹುಲ್ಲು ಕೊಯ್ಯಲು ಬರುವವರನ್ನು, ಬಲೆ ಬೀಸುವವರನ್ನು. ಕೆರೆ ಇಷ್ಟು ಕಾಲ ಕೆರೆಯಾಗಿ ಉಳಿದದ್ದೇ ಅವರಿಂದ ಅನ್ನುತ್ತಾರೆ. ಆದರೆ ಅವರು ಬರಿಗಾಲಿನವರು, ಗೇಟಿನ ಹೊತ್ತಿಗೆ ಹೊಂದುವವರಲ್ಲ.

ಅಗ್ಗದ ದಾರಿಯೂ ಒಂದಿದೆ. ವಾಕಿಂಗ್ ಮಾಡುವುದು ಕೆರೆ ಏರಿಯ ಮೇಲೆ ಮಾತ್ರ, ಮಣ್ಣಿನ ದಾರಿಯಲ್ಲಿ, ಹೋಗಿ ತಿರುಗಿ ಬರುವ ಹಾಗೆ. ನೀರು ಬಂದು ಸೇರುವ ಕಡೆ ಜೊಂಡು ಹಾಗೇ ಇರಲಿ, ಅಲ್ಲಿ ದೀಪವೂ ಬೇಡ ದಾರಿಯೂ ಬೇಡ. ಕೊಳಚೆಯನ್ನು ಮೊದಲು ಶುದ್ಧೀಕರಣ ಘಟಕಕ್ಕೆ ಕಳಿಸಿ, ಅಲ್ಲಿಂದ ಜೌಗಿನ ಮೂಲಕ ಕೆರೆಗೆ ಬಿಡುವುದು. ಬೆಂಗಳೂರಿನದೇ ಜಕ್ಕೂರು ಕೆರೆಯಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. ಮಕ್ಕಳ ಆಟಕ್ಕೆ ಏರಿಯ ಕೆಳಗೆ, ಕೆರೆಯ ಹೊರಗೆ ಜಾಗ. ಈ ಅಂದಾಜು ಪಟ್ಟಿಯಲ್ಲಿ ಪೇವರ್ ಇಲ್ಲ, ಗ್ರಿಲ್ ಇಲ್ಲ, ಪೆಂಗ್ವಿನ್ ಇಲ್ಲ, ಟೇಪು ಕತ್ತರಿಸಲು ಒಂದು ಗೇಟೂ ಇಲ್ಲ. ದಯವಿಟ್ಟು ಕಂಟ್ರಾಕ್ಟರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.