ಬಲ್ಬ್ ಉರಿಸೋಕೆ ಬಾರದ ಡಿಸ್ಟಿಂಕ್ಷನ್

ಹತ್ತನೇ ಕ್ಲಾಸಿನ ಮಕ್ಕಳಿಗೆ ಓಮ್‌ನ ನಿಯಮ ಬರಿ ಅಂದ್ರೆ ನಿದ್ದೇಲೂ ಬರೀತಾರೆ, ಸರ್ಕ್ಯೂಟ್ ಡಯಾಗ್ರಾಂ ಸ್ಕೇಲ್ ಇಟ್ಟು ನೀಟಾಗಿ ಎಳೀತಾರೆ. ಅದೇ ಮಕ್ಕಳಿಗೆ ಒಂದು ಸೆಲ್ಲು, ಒಂದು ಟಾರ್ಚ್ ಬಲ್ಬು, ಒಂದೇ ಒಂದು ತುಂಡು ವೈರ್ ಕೊಟ್ಟು ಉರಿಸಿ ನೋಡೋಣ ಅನ್ನಿ, ಅರ್ಧ ಕ್ಲಾಸ್ ತಲೆ ಕೆರ್ಕೊಂಡು ಕೂರುತ್ತೆ. ಬಲ್ಬಿನ ಬುಡದ ಚುಕ್ಕಿ ಒಂದು ತುದಿ, ಪಕ್ಕದ ಲೋಹದ ತಿರುಪು ಇನ್ನೊಂದು ತುದಿ ಅನ್ನೋದು ಡಯಾಗ್ರಾಂನಲ್ಲಿ ಎಲ್ಲಿ ಕಾಣುತ್ತೆ ಹೇಳಿ?

ಲ್ಯಾಬ್ ಸಾಮಾನು ಇಲ್ಲ ಅಂತಲ್ಲ ಮಾರಾಯ್ರೇ, ಎಷ್ಟೋ ಕಡೆ ಇದೆ, ಬೀರುವಿನೊಳಗೆ ಬೀಗ ಹಾಕ್ಕೊಂಡು ಇದೆ, ಒಡೆದ್ರೆ ಸ್ಟಾಕ್ ರಿಜಿಸ್ಟರ್‌ಗೆ ಯಾರು ಉತ್ತರ ಕೊಡೋದು ಅಂತ.

ನಾನು ಕೊಡಗಿನ ನಾಪೋಕ್ಲು ಕಡೆ ಮಕ್ಕಳಿಗೆ ವಿಜ್ಞಾನ ಹೇಳೋನು. ನನಗೆ ಬೀರುಗಿಂತ ಕೆಟ್ಟುಹೋದ ಆಟದ ಕಾರೇ ಮೇಲು. ಅದರ ಮೋಟರ್‌ನಿಂದ ಸೆಲ್ ಬಿಚ್ಚಿ ಕೆಂಪು ಎಲ್‌ಇಡಿ ಜೋಡಿಸಿ ಚಕ್ರ ಜೋರಾಗಿ ತಿರುಗಿಸಿದ್ರೆ ಎಲ್‌ಇಡಿ ಮಿನುಗುತ್ತೆ, ಉಲ್ಟಾ ತಿರುಗಿಸಿದ್ರೆ ಇಲ್ಲ, ಯಾಕೆ ಅಂತ ಅವರೇ ಜಗಳ ಆಡ್ಲಿ. ಆಮೇಲೆ ಎಲ್‌ಇಡಿ ತೆಗೆದು ಎರಡೂ ವೈರ್ ತುದಿ ಒಂದಕ್ಕೊಂದು ತಾಗಿಸಿ ತಿರುಗಿಸು ಅಂತೀನಿ. ಚಕ್ರ ಗಟ್ಟಿಯಾಗುತ್ತೆ. 'ಸಾರ್, ಯಾರೋ ಒಳಗಿಂದ ಹಿಡ್ಕೊಂಡಂಗಾಗ್ತಿದೆ' ಅಂದ ಒಬ್ಬ ಹುಡುಗ. ಅಷ್ಟೇ ಕಣ್ರೀ ಶಕ್ತಿ ಪರಿವರ್ತನೆ! ಕರೆಂಟ್ ಹರಿದಷ್ಟೂ ಕೈ ಜಾಸ್ತಿ ದುಡೀಬೇಕು, ಪುಕ್ಕಟೆ ಏನೂ ಬರಲ್ಲ. ಇದಾದ ಮೇಲೆ ತಲಕಾವೇರಿಯಿಂದ ಇಳಿದ ನೀರು ಶಿವನಸಮುದ್ರದಲ್ಲಿ ಟರ್ಬೈನ್ ತಿರುಗಿಸಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸ್ತು ಅಂದ್ರೆ ಅದು ಬರೀ ಇಸವಿ ಆಗಿ ಉಳಿಯಲ್ಲ. ನಮ್ಮಲ್ಲೇ ತೋಡಿನ ನೀರಿಗೆ ಪುಟ್ಟ ಟರ್ಬೈನ್ ಇಟ್ಕೊಂಡಿರೋ ತೋಟದ ಮನೆಗಳಿವೆಯಲ್ಲ, ಅದೂ ಇದೇ ಆಟ.

ಇನ್ನೊಂದು ಕಾಚಂಪುಳಿ ಸೆಲ್. ಕಾಚಂಪುಳಿ ಅಂದ್ರೆ ನಮ್ಮ ಕೊಡಗಿನ ಅಡುಗೆಯ ಕಪ್ಪನೆ ಹುಳಿ ರಸ. ಮೂರ್ನಾಲ್ಕು ಲೋಟಕ್ಕೆ ನೀರು, ಚೂರು ಕಾಚಂಪುಳಿ (ಪಂದಿಕರಿಗೆ, ಅಂದ್ರೆ ಹಂದಿ ಮಾಂಸದ ಸಾರಿಗೆ, ಉಳಿಸಿ, ಇಲ್ದಿದ್ರೆ ಮನೇಲಿ ಬೈಸ್ಕೋತೀರಿ), ಒಂದೊಂದರಲ್ಲೂ ಒಂದು ತಾಮ್ರದ ತಂತಿ, ಒಂದು ಜಿಂಕ್ ಲೇಪದ ಮೊಳೆ. ಒಂದು ಲೋಟಕ್ಕೆ ಹೆಚ್ಚುಕಮ್ಮಿ 0.9 ವೋಲ್ಟ್, ಸಾಲಾಗಿ ಜೋಡಿಸಿದ್ರೆ ಕೆಂಪು ಎಲ್‌ಇಡಿ ಮಂಕಾಗಿ ಹತ್ತುತ್ತೆ. ಹುಳಿಯಲ್ಲಿ ಕರೆಂಟ್ ಇದೆ ಅಂತ ದಯವಿಟ್ಟು ಹೇಳ್ಕೊಡ್ಬೇಡಿ, ಶಕ್ತಿ ಬರೋದು ಜಿಂಕ್ ಕರಗೋದ್ರಿಂದ. ಆ ದ್ರವ ಯಾರೂ ಕುಡಿಯೋ ಹಾಗಿಲ್ಲ, ಚೆಲ್ಲಿಬಿಡಿ.

ಮನೆ ಪ್ಲಗ್ಗಿನ 230 ವೋಲ್ಟ್ ಹತ್ರ ಮಾತ್ರ ಯಾವ ಪ್ರಯೋಗನೂ ಬೇಡ, ಅದ್ರಲ್ಲೂ ಗೋಡೆ ಒದ್ದೆಯಾಗಿರೋ ನಮ್ಮ ಮಳೆಗಾಲದಲ್ಲಿ.

ಮೂಲೆಗೆ ಬಿದ್ದಿರೋ ಆಟದ ಕಾರು, ಹಳೇ ಡಿವಿಡಿ ಪ್ಲೇಯರ್ ಇದ್ರೆ ಗುಜರಿಗೆ ಹಾಕೋ ಮೊದ್ಲು ಹತ್ತಿರದ ಶಾಲೆಯ ಸೈನ್ಸ್ ಟೀಚರ್‌ನ ಒಂದ್ಸಲ ಕೇಳಿ, ಮೋಟರ್ ಸರಿ ಇದ್ರೆ ಸಾಕು.