ಸತ್ಯಾಂಶ: ನಾಯಕಿ ಇದ್ದರೆ ಸೀಕ್ವೆಲ್ ಸೋಲುತ್ತದೆಯೇ?

ಹಾಲಿವುಡ್‌ನ ದೊಡ್ಡ ಸೀಕ್ವೆಲ್‌ಗಳಲ್ಲಿ, ಅಂದರೆ ಹಿಂದಿನ ಸಿನಿಮಾದ ಮುಂದುವರಿದ ಭಾಗಗಳಲ್ಲಿ, ಮಹಿಳೆಯರು ಅಥವಾ ಕಪ್ಪು ವರ್ಣದವರು ಮುಖ್ಯ ಪಾತ್ರದಲ್ಲಿದ್ದರೆ ಜನ ನೋಡುವುದಿಲ್ಲ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತದೆ. ಜೊತೆಗೆ ಸೋತ ಸಿನಿಮಾಗಳ ಪಟ್ಟಿಯೂ ಇರುತ್ತದೆ. ಈ ಮಾತು ತಪ್ಪು.

ಮಹಿಳೆಯರೇ ಮುಖ್ಯ ಪಾತ್ರದಲ್ಲಿದ್ದ 2023ರ ‘ದಿ ಮಾರ್ವೆಲ್ಸ್’ ಸೋತದ್ದು ನಿಜ. ಆದರೆ ಇಂಥ ಪಟ್ಟಿಯಲ್ಲಿ ಗೆದ್ದವು ಇರುವುದಿಲ್ಲ. ಹುಡುಗಿಯೊಬ್ಬಳ ಮನಸ್ಸಿನ ಕಥೆಯಾದ ‘ಇನ್‌ಸೈಡ್ ಔಟ್ 2’ 2024ರಲ್ಲಿ ಜಗತ್ತಿನಾದ್ಯಂತ 160 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಕಪ್ಪು ವರ್ಣದವರೇ ಮುಖ್ಯ ಪಾತ್ರದಲ್ಲಿದ್ದ, 2022ರಲ್ಲಿ ಬಂದ ‘ಬ್ಲ್ಯಾಕ್ ಪ್ಯಾಂಥರ್’ ಎರಡನೇ ಭಾಗ 80 ಕೋಟಿ ಡಾಲರ್ ದಾಟಿತು. ಇತ್ತ 2023ರ ಇಂಡಿಯಾನಾ ಜೋನ್ಸ್ ಸಿನಿಮಾ ನಷ್ಟ ಕಂಡಿತು. ಅದಕ್ಕೆ ನಾಯಕ ಗಂಡಸಾಗಿದ್ದೇ ಕಾರಣ ಎನ್ನಲಾಗದು, ಅಲ್ವಾ?

ಇಷ್ಟದ ಸರಣಿ ಕೆಟ್ಟಿತೆಂಬ ಬೇಸರದಲ್ಲಿ ಕೆಲವರು ಇದನ್ನು ಹಂಚುತ್ತಾರೆ. ಆ ಬೇಸರ ಅರ್ಥವಾಗುತ್ತದೆ. ಆದರೂ ಪರೀಕ್ಷಿಸುವುದು ಸುಲಭ. ಒಂದೇ ವರ್ಷದ ಎಲ್ಲ ದೊಡ್ಡ ಸೀಕ್ವೆಲ್‌ಗಳನ್ನು ತೆಗೆದುಕೊಳ್ಳಿ, ಬೇಕಾದವನ್ನಷ್ಟೇ ಆರಿಸಬೇಡಿ. ಗಳಿಕೆಯ ಪಕ್ಕದಲ್ಲಿ ಬಜೆಟ್ ಇಟ್ಟು ನೋಡಿ. ಟಿಕೆಟ್ ಹಣದಲ್ಲಿ ದೊಡ್ಡ ಪಾಲು ಚಿತ್ರಮಂದಿರಗಳಿಗೇ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ. ಹಾಗಾಗಿ ಸಾಧಾರಣ ಗಳಿಕೆಯ ಚಿತ್ರವೂ ಬಜೆಟ್ ಸಣ್ಣದಿದ್ದರೆ ಲಾಭ ಮಾಡಬಹುದು.