‘ಹುಷಾರಾಗಿರಬೇಕಿತ್ತು’ ಅನ್ನುವ ಮುಂಚೆ ಈ ಲೆಕ್ಕ ನೋಡಿ

ಕೆಲಸದ ಜಾಗದಲ್ಲಿ ಯಾರಾದರೂ ಸತ್ತರೆ ಮೊದಲು ಬರುವ ಮಾತು, ‘ಪಾಪ, ಸ್ವಲ್ಪ ಹುಷಾರಾಗಿರಬೇಕಿತ್ತು.’ ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸತ್ತವರ ಮೇಲೆಯೇ ತಪ್ಪು ಹೊರಿಸಿಬಿಟ್ಟರೆ ಮುಂದೆ ಯಾರೂ ಏನೂ ಕೇಳುವುದಿಲ್ಲ, ಅಲ್ವಾ?

ಬ್ರಿಟನ್‌ನಲ್ಲಿ 1974ರಲ್ಲಿ ಕೆಲಸದ ಅಪಘಾತಗಳಲ್ಲಿ 651 ನೌಕರರು ಸತ್ತಿದ್ದರು. ಅದೇ ವರ್ಷ ಸುರಕ್ಷತೆಯ ದೊಡ್ಡ ಕಾನೂನು ಬಂತು. 2023–24ರಲ್ಲಿ, ಸ್ವಂತ ದುಡಿಮೆಯವರನ್ನೂ ಸೇರಿಸಿ, ಸತ್ತವರು 138. ಅಮೆರಿಕದಲ್ಲಿ 1970ರ ಹೊತ್ತಿಗೆ ವರ್ಷಕ್ಕೆ ಸುಮಾರು 14,000 ಜನ ಸಾಯುತ್ತಿದ್ದರು. 2023ರಲ್ಲಿ 5,283, ಅದೂ ದುಡಿಯುವವರು ಎರಡು ಪಟ್ಟಾದ ಮೇಲೆ. ಗಣಿ, ಕಾರ್ಖಾನೆ ಬಿಟ್ಟು ಆಫೀಸು ಸೇರಿದವರು ಜಾಸ್ತಿಯಾದದ್ದು, ಚಿಕಿತ್ಸೆ ಸುಧಾರಿಸಿದ್ದು ಕೂಡ ಇದಕ್ಕೆ ಕಾರಣ. ಆದರೆ ಅಷ್ಟೇ ಅಲ್ಲ.

ಸ್ವೀಡನ್ನಿನ ಟ್ರ್ಯಾಕ್ಟರ್ ಕಥೆ ನೋಡಿ. ಟ್ರ್ಯಾಕ್ಟರ್ ಮಗುಚಿದರೆ ಓಡಿಸುವವರು ಅಡಿಗೆ ಸಿಕ್ಕಿ ಸಾಯುತ್ತಿದ್ದರು. 1957ರಲ್ಲಿ ಪ್ರತಿ ಲಕ್ಷ ಟ್ರ್ಯಾಕ್ಟರ್‌ಗೆ 12 ಸಾವು. 1959ರಲ್ಲಿ ಹೊಸ ಟ್ರ್ಯಾಕ್ಟರ್‌ಗಳಿಗೆಲ್ಲ ಗಟ್ಟಿ ರಕ್ಷಣಾ ಚೌಕಟ್ಟು ಕಡ್ಡಾಯ ಮಾಡಿದರು. ಆಮೇಲೆ ಹಳೆಯವಕ್ಕೂ ಹಾಕಿಸಿದರು. 1990ರ ಹೊತ್ತಿಗೆ ಸಾವು 0.2ಕ್ಕೆ ಇಳಿಯಿತು. ರೈತರು ಅದೇ ರೈತರು, ಇಳಿಜಾರು ಅದೇ ಇಳಿಜಾರು. ಬದಲಾದದ್ದು ಯಂತ್ರ. ಯಾರಿಗಾದರೂ ಒಂದು ಕ್ಷಣ ಕೈ ತಪ್ಪುತ್ತದೆ, ಕಣ್ಣು ಮಂಜಾಗುತ್ತದೆ. ಅಷ್ಟಕ್ಕೆ ಪ್ರಾಣ ಹೋಗಬಾರದು.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಆ ಇಳಿಕೆ ನಿಂತುಹೋಗಿದೆ. ಅಮೆರಿಕದಲ್ಲಿ 2009ರಲ್ಲಿ ಪ್ರತಿ ಲಕ್ಷ ಪೂರ್ಣಾವಧಿ ಕೆಲಸಗಾರರಿಗೆ 3.5 ಸಾವು. 2023ರಲ್ಲೂ 3.5. ನಡುವೆ ‘ಈ ವರ್ಷ ಸಾವು ಕಡಿಮೆ’ ಎಂಬ ಸುದ್ದಿ ಬಂದದ್ದುಂಟು. ಆದರೆ ಸುಮ್ನೆ ಸಂಖ್ಯೆ ನೋಡಿದರೆ ಮೋಸ ಹೋಗುತ್ತೇವೆ. ಆರ್ಥಿಕ ಕುಸಿತದಲ್ಲಿ ಕಟ್ಟಡದ ಕೆಲಸಗಳು ನಿಂತರೆ ಬೀಳುವವರೂ ಕಡಿಮೆಯಾಗುತ್ತಾರೆ. ಅದನ್ನು ಸುರಕ್ಷತೆ ಅನ್ನಲು ಆಗುತ್ತದೆಯೇ?

ಈಗಿನ ಸಾವುಗಳು ಒಂದೊಂದಾಗಿ ಆಗುತ್ತವೆ. ಅಮೆರಿಕದಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ವಾಹನ, ಸಂಚಾರಕ್ಕೆ ಸಂಬಂಧಿಸಿದವು. ಅಲ್ಲಿ 65 ದಾಟಿದ ಮೇಲೂ ದುಡಿಯುವವರಲ್ಲಿ ಸಾವಿನ ದರ ಎಲ್ಲರ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು. ನೂರಾರು ಜನ ಒಟ್ಟಿಗೆ ಸತ್ತಾಗ ಜಗತ್ತು ತಿರುಗಿ ನೋಡುತ್ತದೆ. 2013ರಲ್ಲಿ ಬಾಂಗ್ಲಾದೇಶದಲ್ಲಿ ಬಟ್ಟೆ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಹೋದ ಮೇಲೆ, ಕೆಲವೇ ವಾರಗಳಲ್ಲಿ ದೊಡ್ಡ ಬಟ್ಟೆ ಬ್ರ್ಯಾಂಡ್‌ಗಳು ಕಟ್ಟಡ ತಪಾಸಣೆಯ ಒಪ್ಪಂದಕ್ಕೆ ಸಹಿ ಹಾಕಿದವು. ರಾತ್ರಿ ಲಾರಿಯಲ್ಲಿ ಒಬ್ಬರೇ ಸತ್ತರೆ ಯಾರು ಸಹಿ ಹಾಕುತ್ತಾರೆ?

ನನ್ನ ಬೇಡಿಕೆ ಇಷ್ಟೇ. ಗುತ್ತಿಗೆಯವರು ಸತ್ತರೆ ಅದನ್ನು ಕೆಲಸ ಮಾಡಿಸಿಕೊಂಡ ಮುಖ್ಯ ಕಂಪನಿಯ ಲೆಕ್ಕದಲ್ಲೇ ಬರೆಯಬೇಕು. ಪ್ರತಿ ಸಾವಿನ ತನಿಖಾ ವರದಿಯೂ ಎಲ್ಲರಿಗೂ ಓದಲು ಸಿಗಬೇಕು. ತಡೆಗಂಬಿ ಇತ್ತೇ, ಎಷ್ಟು ಗಂಟೆಯಿಂದ ದುಡಿಯುತ್ತಿದ್ದರು, ಕೆಲಸ ಬೇಗ ಮುಗಿಸಲು ಒತ್ತಾಯ ಹಾಕಿದವರು ಯಾರು ಅನ್ನುವುದು ಅದರ ಮೊದಲ ಪುಟದಲ್ಲೇ ಇರಬೇಕು.